ಪಾಲಿಗ್ರಾಫ್‌ಗೆ ಇನ್ನು 19 ದಿನ: ಆ ಒಂದು ಮಾತ್ರೆಯ ವಿಷಯ ಹೇಳಬೇಕಾ?

ಪ್ರಶ್ನೆ: ಮೇಡಂ, ನನಗೆ 28 ವರ್ಷ. ಹತ್ತು ವರ್ಷದವನಿದ್ದಾಗ ಅಪ್ಪ-ಅಮ್ಮನ ಜೊತೆ ಶಿವಮೊಗ್ಗದಿಂದ ಟೆಕ್ಸಸ್‌ಗೆ ಬಂದೆ. ಈಗ ಅಮೆರಿಕದ ಪ್ರಜೆ. ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಎಫ್‌ಬಿಐ ಸ್ಪೆಷಲ್ ಏಜೆಂಟ್ ಹುದ್ದೆಗೆ ಅರ್ಜಿ ಹಾಕಿದ್ದೆ. ಪರೀಕ್ಷೆ, ಸಂದರ್ಶನ ಎಲ್ಲ ದಾಟಿ ಷರತ್ತಿನ ಆಫರ್ ಬಂದಿದೆ. ಇನ್ನು 19 ದಿನಕ್ಕೆ ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಪರೀಕ್ಷೆ, ಇದೆ.

ಕಾಲೇಜಿನಲ್ಲಿ ಗಾಂಜಾ ಸೇದುತ್ತಿದ್ದೆ. ಕೊನೆಯ ಸಲ ನಾಲ್ಕು ವರ್ಷದ ಹಿಂದೆ, ಕೊಲೊರಾಡೊದ ಅಂಗಡಿಯಲ್ಲಿ ಕೊಂಡ ಗಮ್ಮಿ (ಗಾಂಜಾ ಬೆರೆಸಿದ ಮಿಠಾಯಿ) ತಿಂದಿದ್ದು. ಹಿನ್ನೆಲೆ ತನಿಖೆಗೆ ತುಂಬಿಕೊಡುವ ಎಸ್‌ಎಫ್-86 ಫಾರಂನಲ್ಲಿ 'ನಾಲ್ಕೈದು ಸಲ' ಅಂತ ಬರೆದೆ. ನಿಜವಾಗಿ ಇಪ್ಪತ್ತೈದು ದಾಟಿರಬಹುದು. ಇನ್ನೊಂದು ವಿಷಯ ಬರೆಯಲೇ ಇಲ್ಲ. 22ನೇ ವಯಸ್ಸಿನಲ್ಲಿ ಒಂದು ಸಂಗೀತ ಕಾರ್ಯಕ್ರಮದಲ್ಲಿ ಗೆಳೆಯ ಕೊಟ್ಟ ಎಂಡಿಎಂಎ ಅನ್ನುವ ಮಾದಕ ಮಾತ್ರೆ ನುಂಗಿದ್ದೆ. ಒಂದೇ ಸಲ. ಅದು ಅವತ್ತು ಜೊತೆಗಿದ್ದ ಇಬ್ಬರು ಗೆಳೆಯರಿಗೆ ಮಾತ್ರ ಗೊತ್ತು.

ಮೈಸೂರಿನ ಸೋದರಮಾವನ ಹತ್ತಿರ ಹೇಳಿಕೊಂಡೆ. 'ಸುಳ್ಳು ಪತ್ತೆ ಯಂತ್ರವನ್ನು ನಮ್ಮ ಸುಪ್ರೀಂ ಕೋರ್ಟೇ ಒಪ್ಪಿಲ್ಲ, ಅದಕ್ಕೇನೂ ಗೊತ್ತಾಗಲ್ಲ, ಸುಮ್ನೆ ಬಾಯಿ ಮುಚ್ಕೊಂಡಿರು' ಅಂದರು. ಇಲ್ಲಿನ ರೂಮ್‌ಮೇಟ್ 'ಆ ಯಂತ್ರದಿಂದ ಯಾರೂ ತಪ್ಪಿಸಿಕೊಳ್ಳಕ್ಕಾಗಲ್ಲ' ಅನ್ನುತ್ತಾನೆ. ಇಂಟರ್ನೆಟ್‌ನಲ್ಲಿ ನಾಲಿಗೆ ಕಚ್ಚು, ಕಾಲ್ಬೆರಳು ಒತ್ತು ಅಂತೆಲ್ಲ ಇದೆ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಜೈಲಾಗತ್ತಾ? ಅಪ್ಪ-ಅಮ್ಮನಿಗೆ ಗೊತ್ತಾಗತ್ತಾ? ರಾತ್ರಿ ನಿದ್ದೆ ಬರ್ತಿಲ್ಲ. ಹೆಸರು ಹಾಕಬೇಡಿ.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಂತ್ರದ ಭಯ, ಕೆಲಸದ ಭಯ, ಮನೆಯವರ ಭಯ, ಮೂರೂ ಅದರಲ್ಲಿ ಗಂಟು ಬಿದ್ದಿವೆ. ಒಂದೊಂದಾಗಿ ಬಿಡಿಸೋಣ.

ನಾನು ಹದಿನೇಳು ವರ್ಷ ಅಮೆರಿಕದ ಸರ್ಕಾರಿ ಕೆಲಸಗಳಿಗೆ ಅರ್ಜಿ ಹಾಕಿದವರ ಹಿನ್ನೆಲೆ ವಿಚಾರಿಸುವ ಕೆಲಸ ಮಾಡಿದವಳು. ನೆರೆಹೊರೆಯವರನ್ನು, ಹಳೆಯ ಬಾಸ್‌ಗಳನ್ನು, ರೂಮ್‌ಮೇಟ್‌ಗಳನ್ನು, ಅಪ್ಪ-ಅಮ್ಮಂದಿರನ್ನು ಕೂರಿಸಿಕೊಂಡು ಮಾತಾಡಿಸಿದ್ದೇನೆ. ಈಗ ಅರ್ಜಿ ಹಾಕುವವರಿಗೆ ದಾರಿ ಹೇಳುತ್ತೇನೆ. ನಾನು ವಕೀಲಳಲ್ಲ. ನಿಮಗೆ ಎಲ್ಲಿ ವಕೀಲರು ಬೇಕೇ ಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಮಾವನ ಮಾತು. ಅವರು ನೆನಪಿಸಿಕೊಂಡಿದ್ದು 2010ರ ಮೇ 5ರ ತೀರ್ಪನ್ನು. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಆ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟ ಮಾಡಿತು. ಮಂಪರು ಪರೀಕ್ಷೆ, ಬ್ರೇನ್ ಮ್ಯಾಪಿಂಗ್, ಪಾಲಿಗ್ರಾಫ್, ಈ ಮೂರನ್ನೂ ಯಾರ ಮೇಲೂ ಬಲವಂತವಾಗಿ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು ಅನ್ನುವ ಸಂವಿಧಾನದ 20(3)ನೇ ವಿಧಿ ಅದಕ್ಕೆ ಆಧಾರ. ಒಳ್ಳೆಯ ತೀರ್ಪು. ಆದರೆ ಅದು ಪೊಲೀಸ್ ತನಿಖೆಯಲ್ಲಿ ಸಿಕ್ಕಿಕೊಂಡವರನ್ನು ಕಾಪಾಡಲು ಬಂದಿದ್ದು. ಒಪ್ಪಿಗೆ ಕೊಟ್ಟು ಮಾಡಿಸಿಕೊಳ್ಳುವುದನ್ನು ಅದು ತಡೆಯುವುದಿಲ್ಲ. ಅಮೆರಿಕದ ಕೆಲಸದ ಪರೀಕ್ಷೆಗಂತೂ ಅದು ಅನ್ವಯವೇ ಆಗುವುದಿಲ್ಲ. ಇಲ್ಲಿ ನೀವು ಆ ಕುರ್ಚಿಯಲ್ಲಿ ಕೂರುವುದಿಲ್ಲ ಅಂತ ಹೇಳಬಹುದು. ಯಾರೂ ಕಟ್ಟಿಹಾಕುವುದಿಲ್ಲ. ಕೆಲಸ ಮಾತ್ರ ಕೊಡುವುದಿಲ್ಲ.

ಅಮೆರಿಕದಲ್ಲೂ ಇದಕ್ಕೆ ಬೇಲಿ ಇದೆ. 1988ರ ಕಾನೂನಿನ ಪ್ರಕಾರ ಖಾಸಗಿ ಕಂಪನಿಗಳು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಸುಳ್ಳು ಪತ್ತೆ ಯಂತ್ರ ಬಳಸುವಂತಿಲ್ಲ. ಹಣದ ಗಾಡಿ, ಕಾವಲು ಕೆಲಸದ ಕಂಪನಿಗಳಿಗೆ ಮತ್ತು ನಿಯಂತ್ರಿತ ಔಷಧಿ ತಯಾರಿಸುವ, ಹಂಚುವ ಕಂಪನಿಗಳ ಕೆಲವು ಹುದ್ದೆಗಳಿಗೆ ಮಾತ್ರ ವಿನಾಯಿತಿ ಇದೆ. ಸರ್ಕಾರಗಳಿಗೆ ಈ ಕಾನೂನು ತಾಗುವುದೇ ಇಲ್ಲ. ಹಾಗಾಗಿ ನಿಮ್ಮ ಈಗಿನ ಸಾಫ್ಟ್‌ವೇರ್ ಕಂಪನಿ ಕೇಳಲಾಗದ್ದನ್ನು ಎಫ್‌ಬಿಐ ಕೇಳಬಹುದು.

ಇನ್ನು ರೂಮ್‌ಮೇಟ್ ಮಾತು. ಅವನೂ ಪೂರ್ತಿ ಸರಿ ಇಲ್ಲ. ನಮ್ಮ ಕಡೆ ಒಂದು ಗಾದೆ ಇದೆಯಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ. ಪಾಲಿಗ್ರಾಫ್ ನಿಂತಿರುವುದು ಅದೇ ನಂಬಿಕೆಯ ಮೇಲೆ. ಎದೆಗೂ ಹೊಟ್ಟೆಗೂ ರಬ್ಬರ್ ಕೊಳವೆ ಸುತ್ತಿ ಉಸಿರು ನೋಡುತ್ತಾರೆ. ತೋಳಿಗೆ ಬಿಪಿ ಪಟ್ಟಿ ಕಟ್ಟುತ್ತಾರೆ. ಬೆರಳಿಗೆ ಸಿಕ್ಕಿಸುವ ತಂತಿ ಬೆವರಿನ ಏರಿಳಿತ ಹಿಡಿಯುತ್ತದೆ. ಕೂತ ಕುರ್ಚಿಯಲ್ಲೂ ಅಲುಗಾಟ ಗುರುತಿಸುವ ಪಟ್ಟಿ ಇರುತ್ತದೆ. ಇಷ್ಟರಿಂದ ತಿಳಿಯುವುದು ಹೆಗಲು ಮುಟ್ಟಿಕೊಂಡನೋ ಇಲ್ಲವೋ ಅನ್ನುವುದು ಮಾತ್ರ. ಯಾಕೆ ಮುಟ್ಟಿಕೊಂಡ ಅನ್ನುವುದು ತಿಳಿಯುವುದಿಲ್ಲ. ಕಳ್ಳನೂ ಮುಟ್ಟಿಕೊಳ್ಳುತ್ತಾನೆ, 'ನನ್ನನ್ನೇ ಅನುಮಾನಿಸಿದರೆ?' ಅಂತ ಹೆದರಿದ ಪಾಪದವನೂ ಮುಟ್ಟಿಕೊಳ್ಳುತ್ತಾನೆ. ಸುಳ್ಳಿಗೆ ಅಂತಲೇ ಬೇರೆ ಬೆವರು ನಮ್ಮ ಮೈಯಲ್ಲಿಲ್ಲ.

ಇದು ನನ್ನ ಸ್ವಂತ ಅಭಿಪ್ರಾಯ ಅಲ್ಲ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಕಾಲ್ಪನಿಕ ಲೆಕ್ಕ ಇದೆ. 10,000 ನೌಕರರು, ಅವರಲ್ಲಿ 10 ಜನ ಗೂಢಚಾರರು ಅಂತ ಇಟ್ಟುಕೊಳ್ಳಿ. ಹತ್ತರಲ್ಲಿ ಎಂಟು ಜನ ಸಿಕ್ಕಿಬೀಳುವಷ್ಟು ಪರೀಕ್ಷೆಯನ್ನು ಬಿಗಿ ಮಾಡಿದರೆ, ಅವರ ಜೊತೆ ಏನೂ ತಪ್ಪು ಮಾಡದ ಸುಮಾರು 1,600 ಜನರೂ ಫೇಲ್ ಆಗುತ್ತಾರೆ. ಹೀಗೆ ಸಾಲಾಗಿ ಎಲ್ಲರನ್ನೂ ಸೋಸಲು ಈ ಯಂತ್ರದ ನಿಖರತೆ ಸಾಲದು ಅಂತಲೇ ಆ ವರದಿ ಹೇಳಿತು. ಇನ್ನೊಂದು ಕಡೆ, ಸಿಐಎಯ ಆಲ್ಡ್ರಿಚ್ ಏಮ್ಸ್ ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ ಕಾಲದಲ್ಲೇ, 1986ರಲ್ಲಿ ಮತ್ತು 1991ರಲ್ಲಿ, ಪಾಲಿಗ್ರಾಫ್ ಪಾಸ್ ಮಾಡಿದ್ದ.

ಹಾಗಾದರೆ ಮಾವ ಹೇಳಿದ್ದೇ ಸರಿ ಅಂತ ನಿಮಗೆ ಈಗ ಅನಿಸಬಹುದು. ಇಲ್ಲ. ಅವರಿಬ್ಬರೂ ಯಂತ್ರವನ್ನು ಮಾತ್ರ ನೋಡುತ್ತಿದ್ದಾರೆ. ಆ ಕೋಣೆಯಲ್ಲಿ ನಡೆಯುವ ಮುಖ್ಯ ಕೆಲಸ ಯಂತ್ರದ್ದಲ್ಲ.

ಅಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. ತಂತಿ ಸಿಕ್ಕಿಸುವ ಮುಂಚೆ ಪರೀಕ್ಷಕರು ನಿಮ್ಮ ಜೊತೆ ತುಂಬ ಹೊತ್ತು ಮಾತಾಡುತ್ತಾರೆ. ನಿಮ್ಮ ಫಾರಂ ಅವರ ಮುಂದಿರುತ್ತದೆ. ಕೇಳಲಿರುವ ಪ್ರಶ್ನೆಗಳನ್ನೆಲ್ಲ ಮೊದಲೇ ಓದಿ ಹೇಳುತ್ತಾರೆ. ದಿಢೀರ್ ಅಂತ ಎಸೆಯುವ ಪ್ರಶ್ನೆ ಇರುವುದಿಲ್ಲ. 'ಈ ಪ್ರಶ್ನೆ ಕೇಳಿದಾಗ ಮನಸ್ಸಿಗೆ ಏನಾದರೂ ಬರುತ್ತಾ?' ಅಂತ ಕೇಳುತ್ತಾರೆ. ಆಮೇಲೆ ತಂತಿ, ಹೌದು-ಇಲ್ಲ ಉತ್ತರಗಳು. ಆಮೇಲೆ ಮತ್ತೆ ಮಾತು. 'ಡ್ರಗ್ಸ್ ಪ್ರಶ್ನೆಯಲ್ಲಿ ನಿಮಗೇನೋ ತೊಂದರೆ ಇದ್ದ ಹಾಗಿದೆ, ಏನದು?' ಅಂತ ಸಮಾಧಾನದ ದನಿಯಲ್ಲೇ ಕೇಳುತ್ತಾರೆ. ನಾನು ಓದಿದ ಕಡತಗಳಲ್ಲಿ ಜನ ಬಿದ್ದಿದ್ದು ಬಹಳ ಮಟ್ಟಿಗೆ ಈ ಮೊದಲ ಮಾತು ಮತ್ತು ಕೊನೆಯ ಮಾತಿನಲ್ಲಿ. ಯಂತ್ರದ ಗೆರೆ ಮೇಲೆ ಹೋಗಿದ್ದಕ್ಕಲ್ಲ, ಬಾಯಿಂದ ಬಂದಿದ್ದು ಕಾಗದದ ಮೇಲಿದ್ದಕ್ಕೆ ಹೊಂದದೇ ಹೋಗಿದ್ದಕ್ಕೆ.

ಅದರಲ್ಲೂ ಸಂಖ್ಯೆ. ನಿಮ್ಮ 'ನಾಲ್ಕೈದು ಸಲ' ನೋಡಿ ನನಗೆ ಹಳೆಯ ಕಡತಗಳೇ ಕಣ್ಣ ಮುಂದೆ ಬಂದವು. ಫಾರಂನಲ್ಲಿ ಐದು. ಮೊದಲ ಮಾತಿನಲ್ಲಿ 'ಹತ್ತಿರಬಹುದು'. ತಂತಿ ಬಿಚ್ಚಿದ ಮೇಲೆ 'ಇಪ್ಪತ್ತು, ಇಪ್ಪತ್ತೈದು'. ಪ್ರತಿ ಸಲ ಒತ್ತಿದಾಗಲೂ ಬೆಳೆಯುವ ಸಂಖ್ಯೆ ನೋಡಿದ ಅಧಿಕಾರಿಗೆ ಇಪ್ಪತ್ತೈದರ ಮೇಲೆ ಸಿಟ್ಟು ಬರುವುದಿಲ್ಲ. ಇನ್ನೂ ಒತ್ತಿದರೆ ಐವತ್ತಾಗುತ್ತದೇನೋ ಅನ್ನುವ ಅನುಮಾನ ಬರುತ್ತದೆ. ಅದೇ ಮನುಷ್ಯ ಮೊದಲ ದಿನವೇ '20ರಿಂದ 30 ಸಲ ಇರಬಹುದು, 40 ದಾಟಿಲ್ಲ' ಅಂತ ಬರೆದಿದ್ದರೆ ನಾನು ಗುರುತು ಹಾಕಿಕೊಂಡು ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ನಿಖರ ಸಂಖ್ಯೆ ನೆನಪಿಲ್ಲದಿರುವುದು ತಪ್ಪಲ್ಲ. ನೆನಪಿರುವುದಕ್ಕಿಂತ ಕಡಿಮೆ ಬರೆಯುವುದು ತಪ್ಪು.

ನಾಲಿಗೆ ಕಚ್ಚುವ ಉಪಾಯಗಳ ಬಗ್ಗೆ ಎರಡೇ ಮಾತು. ಕುರ್ಚಿಯ ಪಟ್ಟಿ ಇರುವುದೇ ಅಂಥದ್ದಕ್ಕೆ. ಪರೀಕ್ಷೆಯನ್ನು ಕೆಡಿಸಲು ನೋಡಿದರು ಅಂತ ಬರೆದರೆ, ಮುಚ್ಚಿಡಲು ಏನೂ ಇಲ್ಲದವರ ಅರ್ಜಿಯೂ ಅಲ್ಲಿಗೆ ಮುಗಿಯುತ್ತದೆ. ಒಕ್ಲಹೋಮಾದಲ್ಲಿ ಇಂಥ ಉಪಾಯಗಳನ್ನು ಹಣಕ್ಕೆ ಕಲಿಸುತ್ತಿದ್ದ ಒಬ್ಬ ಮಾಜಿ ಪೊಲೀಸನಿಗೆ 2015ರಲ್ಲಿ ಎರಡು ವರ್ಷ ಜೈಲಾಯಿತು. ಸುಳ್ಳು ಹೇಳಲಿದ್ದೇನೆ ಅಂತ ಹೇಳಿಕೊಂಡು ಬಂದವರಿಗೂ ಅವನು ಪಾಠ ಮಾಡಿದ್ದ.

'ಇಬ್ಬರಿಗೆ ಮಾತ್ರ ಗೊತ್ತು' ಅಂತ ಬರೆದಿದ್ದೀರಿ. ಎಣಿಸಿ ನೋಡಿ. ಇಬ್ಬರು ಗೆಳೆಯರು, ಮಾವ, ಬಹುಶಃ ರೂಮ್‌ಮೇಟ್, ಈಗ ನಾನು. ಪಾಲಿಗ್ರಾಫ್ ಆದಮೇಲೆ ಹಿನ್ನೆಲೆ ವಿಚಾರಣೆ ಶುರುವಾಗುತ್ತದೆ. ನೀವು ಕೊಟ್ಟ ಹೆಸರುಗಳನ್ನು ಮಾತ್ರ ಕೇಳಿ ಬಿಡುವುದಿಲ್ಲ. ಅವರಿಂದ ಇನ್ನೊಬ್ಬರ ಹೆಸರು ತೆಗೆದುಕೊಂಡು ಅವರ ಮನೆ ಬಾಗಿಲನ್ನೂ ತಟ್ಟುತ್ತೇವೆ. ಕಾಲೇಜಿನ ದಿನದ ರೂಮ್‌ಮೇಟ್ ಸಾಮಾನ್ಯವಾಗಿ ಎಲ್ಲವನ್ನೂ ಹೇಳುತ್ತಾನೆ. ಕೆಟ್ಟ ಮನಸ್ಸಿನಿಂದಲ್ಲ, 'ಅವನು ಆಗಲೇ ಹೇಳಿರ್ತಾನೆ' ಅಂದುಕೊಂಡು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಹೇಳಿದರೆ ಕೆಲಸ ಹೋಗತ್ತಾ?

ಗಾಂಜಾದಿಂದ ಹೋಗುವುದಿಲ್ಲ. ಎಫ್‌ಬಿಐ ಪ್ರಕಟಿಸಿರುವ ನಿಯಮದಲ್ಲಿ 2021ಕ್ಕಿಂತ ಮುಂಚೆ ಗಾಂಜಾಕ್ಕೆ ಮೂರು ವರ್ಷದ ಗಡಿ ಇತ್ತು. ಆಮೇಲೆ ಅದನ್ನು ಒಂದು ವರ್ಷಕ್ಕೆ ಇಳಿಸಿದರು. ಅರ್ಜಿ ಹಾಕುವ ದಿನಕ್ಕೆ ಹಿಂದಿನ ಒಂದು ವರ್ಷದಲ್ಲಿ ಬಳಸಿರಬಾರದು. ನಿಮ್ಮದು ನಾಲ್ಕು ವರ್ಷ ಹಳೆಯದು. ಕೊಲೊರಾಡೊದಲ್ಲಿ ಅಂಗಡಿಯಲ್ಲೇ ಮಾರುತ್ತಾರೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ರಾಜ್ಯ ಒಪ್ಪಿದರೂ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನ ಪ್ರಕಾರವೇ ಉತ್ತರಿಸಿ ಅಂತ, ಡ್ರಗ್ಸ್ ಬಗ್ಗೆ ಕೇಳುವ ಎಸ್‌ಎಫ್-86ರ 23ನೇ ವಿಭಾಗದಲ್ಲಿ ಬರೆದೇ ಇದೆ. ಆದರೂ ಇಪ್ಪತ್ತೈದು ಸಲದ ಹಳೆಯ ಗಾಂಜಾ ಒಂದರಿಂದಲೇ ಈ ನಿಯಮ ನಿಮ್ಮನ್ನು ಹೊರಗೆ ಹಾಕುವುದಿಲ್ಲ.

ಮಾತ್ರೆಯಿಂದ ಹೋಗುತ್ತದೆ. ಗಾಂಜಾ ಬಿಟ್ಟು ಬೇರೆ ಅಕ್ರಮ ಡ್ರಗ್ಸ್‌ಗೆ ಎಫ್‌ಬಿಐ ಇಟ್ಟಿರುವ ಗಡಿ ಹತ್ತು ವರ್ಷ. ನೀವು ನುಂಗಿ ಆರು ವರ್ಷ ಆಗಿದೆ. ಒಂದೇ ಸಲ, ಅರ್ಧ ರಾತ್ರಿಯ ಮಾತು ಅನ್ನುವುದಕ್ಕೆ ಅಲ್ಲಿ ರಿಯಾಯಿತಿ ಇಲ್ಲ. ನಿಜ ಹೇಳಿದರೆ ಈ ಸಲದ ಅರ್ಜಿ ಇಲ್ಲಿಗೆ ನಿಲ್ಲುತ್ತದೆ ಅಂತಲೇ ಇಟ್ಟುಕೊಳ್ಳಿ. ಇದನ್ನು ಬರೆಯುವಾಗ ನನಗೂ ಸಂಕಟ ಆಗುತ್ತಿದೆ. ಇಷ್ಟು ದೂರ ಬರಲು ಎಷ್ಟು ಓಡಿದ್ದೀರಿ, ಎಷ್ಟು ಓದಿದ್ದೀರಿ ಅಂತ ಗೊತ್ತು.

ಆದರೆ ಅದೇ ನಿಯಮದ ಇನ್ನೊಂದು ಸಾಲು ಓದಿ. ಡ್ರಗ್ಸ್ ಚರಿತ್ರೆಯನ್ನು ಬೇಕಂತಲೇ ತಪ್ಪಾಗಿ ಹೇಳಿದವರೂ ಅನರ್ಹರು. ಆ ಸಾಲಿನ ಪಕ್ಕದಲ್ಲಿ ಇಷ್ಟು ವರ್ಷ ಅಂತ ಇಲ್ಲ. ಮಾತ್ರೆಗೆ ಒಂದು ಗಡುವಿದೆ, ಸುಳ್ಳಿಗೆ ಗಡುವಿಲ್ಲ. ನಿಮಗೆ 32 ವರ್ಷ ಆದಾಗ ಆ ಹತ್ತು ವರ್ಷ ಮುಗಿಯುತ್ತದೆ. ಸ್ಪೆಷಲ್ ಏಜೆಂಟ್ ಹುದ್ದೆಗೆ 36ನೇ ಹುಟ್ಟುಹಬ್ಬದ ಮುಂಚೆ ಅರ್ಜಿ ಹಾಕಬೇಕು. ಅಂದರೆ ನಡುವೆ ನಾಲ್ಕು ವರ್ಷ ನಿಮ್ಮ ಕೈಯಲ್ಲಿರುತ್ತದೆ. ಅಷ್ಟು ಹೊತ್ತಿಗೆ ಸೈಬರ್ ಕೆಲಸದಲ್ಲಿ ನಿಮ್ಮ ಅನುಭವವೂ ಜಾಸ್ತಿ ಆಗಿರುತ್ತದೆ. ಅವತ್ತು ಬಾಗಿಲು ತೆರೆಯುತ್ತದೋ ಇಲ್ಲವೋ ಅನ್ನುವುದು ಈ 19 ದಿನದಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ತಂತಾನೇ ತೆರೆಯುತ್ತದೆ ಅಂತ ನಾನು ಮಾತು ಕೊಡಲಾರೆ. ಈಗ ಬರೆದ ತಪ್ಪು ಉತ್ತರವೂ ಆ ಕಡತದಲ್ಲಿ ಇರುತ್ತದೆ. ಅದರ ಪಕ್ಕದಲ್ಲಿ 'ಯಾರೂ ಕೇಳುವ ಮುಂಚೆ ತಾನೇ ತಿದ್ದಿಕೊಂಡ' ಅಂತ ಇರಬೇಕು. ಅದಷ್ಟೇ ಈಗ ನಿಮ್ಮ ಕೈಯಲ್ಲಿರುವುದು.

ನಿಮಗಿರುವ ದಾರಿಗಳನ್ನು ನೋಡೋಣ.

ಏನೂ ಹೇಳದೇ ಹೋಗಿ ಕೂರುವುದು ಒಂದು. ಯಂತ್ರ ನಿಮ್ಮನ್ನು ಬಿಟ್ಟರೂ ಬಿಡಬಹುದು, ಅದನ್ನು ಆಗಲೇ ಹೇಳಿದೆ. ಆದರೆ ಫೆಡರಲ್ ಅಧಿಕಾರಿಯ ಮುಂದೆ ಬೇಕಂತ ಸುಳ್ಳು ಹೇಳುವುದು ಅಪರಾಧ. ಅದಕ್ಕೆ ಐದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಪಾಸಾಗಿ ಕೆಲಸ ಸಿಕ್ಕರೆ ಕಥೆ ಮುಗಿಯುವುದೂ ಇಲ್ಲ. ಕ್ಲಿಯರೆನ್ಸ್ (ಸರ್ಕಾರದ ಗುಟ್ಟಿನ ಮಾಹಿತಿ ನೋಡುವ ಅನುಮತಿ) ಇರುವವರನ್ನು ಕೆಲಸ ಮಾಡುವಷ್ಟು ಕಾಲವೂ ಪರಿಶೀಲಿಸುತ್ತಾ ಇರುತ್ತಾರೆ, ಪಾಲಿಗ್ರಾಫ್ ಮತ್ತೆ ಬರಬಹುದು. ಏಜೆಂಟ್ ಆದಮೇಲೆ ನೀವು ಕೋರ್ಟಿನಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳುವವರು. ಸುಳ್ಳು ಹೇಳಿ ಸೇರಿದ್ದಾರೆ ಅಂತ ಹೊರಬಿದ್ದರೆ ನಿಮ್ಮ ಸಾಕ್ಷಿ ನಿಂತ ಪ್ರಕರಣಗಳೆಲ್ಲ ಅಲುಗಾಡುತ್ತವೆ. ಹದಿನೈದು ವರ್ಷ ಆದಮೇಲೆ, ಹೆಂಡತಿ-ಮಕ್ಕಳು, ಮನೆ ಸಾಲ ಎಲ್ಲ ಇರುವಾಗ ಹೀಗೆ ಕೆಲಸ ಕಳೆದುಕೊಂಡವರನ್ನು ನೋಡಿದ್ದೇನೆ. ಮೂಲ ತಪ್ಪು ಯಾರಿಗೂ ನೆನಪಿರಲಿಲ್ಲ.

ಕೋಣೆಗೆ ಹೋಗಿ, ಕೇಳಿದಾಗ ಹೇಳುವುದು ಇನ್ನೊಂದು ದಾರಿ. ಹೇಳದಿರುವುದಕ್ಕಿಂತ ಮೇಲು. ಆದರೆ ಸಿಕ್ಕಿಬಿದ್ದು ಹೇಳಿದ್ದು ಅಂತಲೇ ಅದು ಕಾಣುತ್ತದೆ.

ಅರ್ಜಿ ಹಿಂದಕ್ಕೆ ತೆಗೆದುಕೊಂಡು ಸುಮ್ಮನಾಗುವುದನ್ನೂ ತುಂಬ ಜನ ಯೋಚಿಸುತ್ತಾರೆ. ಕಾರಣ ಹೇಳದೇ ಹಿಂದೆ ಸರಿದರೆ ಫಾರಂನ ಸುಳ್ಳು ಸಾಲು ಹಾಗೇ ಉಳಿಯುತ್ತದೆ. ಮುಂದೆ ಬೇರೆ ಫೆಡರಲ್ ಕೆಲಸಕ್ಕೋ, ಪೊಲೀಸ್ ಇಲಾಖೆಗೋ ಹೋದಾಗ ಹಿಂದೆ ಎಲ್ಲೆಲ್ಲಿ ಅರ್ಜಿ ಹಾಕಿದ್ದಿರಿ ಅಂತ ಕೇಳುತ್ತಾರೆ. ಅವತ್ತು ಎರಡು ಫಾರಂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ನಾಲ್ಕನೆಯದು ನಾನು ಹೇಳುವ ದಾರಿ. ಪರೀಕ್ಷೆಗೆ ಮುಂಚೆ, ಬರವಣಿಗೆಯಲ್ಲಿ ತಿದ್ದುವುದು. ಕ್ಲಿಯರೆನ್ಸ್ ಕೊಡುವಾಗ ಬಳಸುವ, 2017ರಲ್ಲಿ ಜಾರಿಗೆ ಬಂದ ಮಾರ್ಗಸೂಚಿಯಲ್ಲಿ ಇದಕ್ಕೆ ಜಾಗ ಇದೆ. ಮುಚ್ಚಿಟ್ಟಿದ್ದನ್ನು, ಬೇರೆಯವರು ಎದುರಿಗೆ ಇಟ್ಟು ಕೇಳುವ ಮುಂಚೆ, ತಡಮಾಡದೆ ಪ್ರಾಮಾಣಿಕವಾಗಿ ತಿದ್ದಿಕೊಂಡರೆ ಅದನ್ನು ಅವರ ಪರವಾಗಿ ಎಣಿಸಬಹುದು ಅಂತ. ಎಣಿಸಲೇಬೇಕು ಅಂತಲ್ಲ, ಎಣಿಸಬಹುದು. ಆ 'ಕೇಳುವ ಮುಂಚೆ' ಅನ್ನುವ ಎರಡು ಪದಕ್ಕೆ ನಿಮ್ಮ ಹತ್ತಿರ ಇನ್ನು 19 ದಿನದ ಆಯುಸ್ಸಿದೆ.

ಇಲ್ಲೇ ವಕೀಲರು ಬೇಕು ಅಂದಿದ್ದು. ಜೈಲಿನ ಪ್ರಶ್ನೆಗೆ ಎರಡು ತುದಿ ಇವೆ. ಡ್ರಗ್ಸ್ ಬಳಸಿದ್ದಕ್ಕೆ ಅಂತ ಹೆದರುತ್ತಿದ್ದರೆ, 23ನೇ ವಿಭಾಗದಲ್ಲಿ ಕೊಟ್ಟ ನಿಜವಾದ ಉತ್ತರವನ್ನು ಮುಂದೆ ನಿಮ್ಮ ಮೇಲಿನ ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಕ್ಷಿಯಾಗಿ ಬಳಸುವುದಿಲ್ಲ ಅಂತ ಆ ಫಾರಂನಲ್ಲೇ ಬರೆದಿದೆ. ಹೆಚ್ಚಿನವರು ಆತುರದಲ್ಲಿ ಆ ಸಾಲನ್ನು ಓದಿರುವುದಿಲ್ಲ. ಗಮನಿಸಿ, ರಕ್ಷಣೆ ಇರುವುದು 'ನಿಜವಾದ' ಉತ್ತರಕ್ಕೆ. ಸುಳ್ಳು ಉತ್ತರ ಬರೆದು ಸಹಿ ಹಾಕಿ ಆಗಿದೆಯಲ್ಲ, ಅದು ಇನ್ನೊಂದು ತುದಿ. ತಾನಾಗಿ ತಿದ್ದಿಕೊಂಡವರ ಕಡತ ಮುಚ್ಚಿದ್ದನ್ನು ನಾನು ನೋಡಿದ್ದೇನೆ, ಕೋರ್ಟಿಗೆ ಹೋಗಿದ್ದನ್ನು ನೋಡಿಲ್ಲ. ಆದರೆ ನನ್ನ ಅನುಭವವನ್ನು ನಂಬಿಕೊಂಡು ಒಂದು ಸಾಲನ್ನೂ ಕಳಿಸಬೇಡಿ. ಸೆಕ್ಯುರಿಟಿ ಕ್ಲಿಯರೆನ್ಸ್ ವಿಷಯವನ್ನೇ ನೋಡಿಕೊಳ್ಳುವ ವಕೀಲರು ಇದ್ದಾರೆ. ಒಂದು ಗಂಟೆಯ ಸಲಹೆಗೆ ಹಣ ಕೊಡಿ. ಯಾರಿಗಾದರೂ ಮಾರಿದ್ದು, ಗೆಳೆಯರಿಗೆ ತಂದುಕೊಟ್ಟಿದ್ದು ಏನಾದರೂ ಇದ್ದರೆ ಅವರ ಹತ್ತಿರ ಮೊದಲು ಹೇಳಬೇಕಾದ್ದು ಅದನ್ನೇ.

ಈ ಪತ್ರ ಓದುವ ಬೇರೆಯವರಿಗೂ ಒಂದು ಮಾತು, ಇದು ತುಂಬ ಮುಖ್ಯ. ಪತ್ರ ಬರೆದವರು ಅಮೆರಿಕದ ಪ್ರಜೆ. ನಿಮ್ಮ ಹತ್ತಿರ ಇರುವುದು ಗ್ರೀನ್ ಕಾರ್ಡ್ ಆದರೆ ಮೇಲಿನ ಸಲಹೆಯನ್ನು ಹಾಗೇ ಅನುಸರಿಸಬೇಡಿ. ವಲಸೆ ಕಾನೂನಿನಲ್ಲಿ ಡ್ರಗ್ಸ್ ವಿಷಯಕ್ಕೆ ಶಿಕ್ಷೆಯೇ ಆಗಿರಬೇಕು ಅಂತಿಲ್ಲ, ತಪ್ಪು ಮಾಡಿದ್ದೇನೆ ಅಂತ ಒಪ್ಪಿಕೊಂಡರೂ ತೊಂದರೆ ಬರಬಹುದು. ಊರಿಗೆ ಹೋಗಿ ವಾಪಸ್ ಬರುವಾಗ, ಪೌರತ್ವ ಕೇಳುವಾಗ ಅದು ಎದುರಾಗುತ್ತದೆ. ರಾಜ್ಯದಲ್ಲಿ ಕಾನೂನುಬದ್ಧವಾಗಿ ಕೊಂಡ ಗಾಂಜಾ ಕೂಡ ಪೌರತ್ವಕ್ಕೆ ಅಡ್ಡಿ ಆಗಬಹುದು ಅಂತ ವಲಸೆ ಇಲಾಖೆ 2019ರಲ್ಲೇ ಹೇಳಿದೆ. ಎಫ್‌ಬಿಐಗೆ ಪ್ರಜೆಗಳೇ ಆಗಿರಬೇಕು. ಆದರೆ ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಕೆಲಸದ ಹಕ್ಕಿರುವ ವಲಸಿಗರೂ ಪೊಲೀಸ್ ಆಗಬಹುದು. ಅಂಥ ಕೆಲಸದ ಫಾರಂ ತುಂಬುವ ಮುಂಚೆಯೇ ವಲಸೆ ವಕೀಲರನ್ನು ನೋಡಿ. ಸುಳ್ಳು ಬರೆಯಲು ಅಲ್ಲ. ಆ ಅರ್ಜಿ ಈಗ ಹಾಕಬೇಕಾ ಅಂತ ತೀರ್ಮಾನಿಸಲು.

ನಮ್ಮವರು ಪದೇ ಪದೇ ಮರೆಯುವ ಎರಡು ಸಂಗತಿಗಳೂ ಇವೆ. ಒಂದು, ಊರಿಂದ ಬರುವ ಮಾತ್ರೆ. ಅಮ್ಮ ಬರುವಾಗ ಒಂದು ಡಬ್ಬಿ ತುಂಬ ಔಷಧಿ ತರುತ್ತಾರೆ. ಬೆನ್ನು ನೋವಿಗೆ ಟ್ರಮಡಾಲ್, ನಿದ್ದೆಗೆ ಆಲ್ಪ್ರಜೋಲಮ್, ಕೆಮ್ಮಿಗೆ ಕೊಡೀನ್ ಇರುವ ಸಿರಪ್. ಮನೆಯಲ್ಲಿ ಯಾರಿಗೆ ನೋವಾದರೂ ಅದೇ ಡಬ್ಬಿ. ಅಮೆರಿಕದಲ್ಲಿ ಇವು ನಿಯಂತ್ರಿತ ಔಷಧಿಗಳು. ಬೇರೆಯವರ ಚೀಟಿಯ ಮಾತ್ರೆ ನುಂಗುವುದು ಇಲ್ಲಿ ದುರ್ಬಳಕೆಯ ಲೆಕ್ಕಕ್ಕೆ ಬರುತ್ತದೆ. ಓದುವಾಗ ನಿದ್ದೆ ಬರದಿರಲಿ ಅಂತ ಗೆಳೆಯನಿಂದ ಪಡೆದ ಆಡೆರಾಲ್ ಕೂಡ ಹಾಗೇ. ಎರಡು, ಹೋಳಿಯಲ್ಲಿ ಕುಡಿದ ಭಾಂಗ್. ಭಾರತದ 1985ರ ಮಾದಕ ವಸ್ತು ಕಾನೂನು ಗಾಂಜಾ ಗಿಡದ ಎಲೆಯನ್ನು ಹೊರಗಿಟ್ಟಿದೆ ನಿಜ. ಆದರೆ ಇಲ್ಲಿ ಅದೂ ಗಾಂಜಾನೇ. ಕಾಶಿಗೆ ಹೋದಾಗ ಹಬ್ಬದ ದಿನ ಒಂದು ಲೋಟ ಕುಡಿದೆ ಅಂತ ಒಂದೇ ಸಾಲಿನಲ್ಲಿ ಹೇಳಿಬಿಡಿ. ಅದನ್ನು ಕೇಳಿ ಯಾರೂ ಬೆಚ್ಚುವುದಿಲ್ಲ. ತಂತಿ ಸಿಕ್ಕಿಸಿದ ಮೇಲೆ ಥಟ್ಟನೆ ಅದು ನೆನಪಾಗಿ ಎದೆ ಹೊಡೆದುಕೊಳ್ಳುವುದೇ ತೊಂದರೆ.

ಕೊನೆಗೆ ಅಪ್ಪ-ಅಮ್ಮ. ನಿಮ್ಮ ಪತ್ರದಲ್ಲಿ ಇದು ಒಂದೇ ಸಾಲು. ಆದರೆ ನಿದ್ದೆ ಕೆಡಿಸುತ್ತಿರುವುದು ಇದೇ ಇರಬೇಕು ಅಂತ ನನ್ನ ಊಹೆ.

ನೀವು ಫಾರಂನಲ್ಲಿ ಬರೆದಿದ್ದನ್ನು ತನಿಖೆ ಮಾಡುವವರು ನಿಮ್ಮ ಮನೆಯವರಿಗೆ ಹೇಳುವಂತಿಲ್ಲ. ನಾನೂ ಹೇಳಿಲ್ಲ. ಆದರೆ ಪ್ರಶ್ನೆ ಕೇಳಲೇಬೇಕು. 'ನಿಮ್ಮ ಮಗ ಯಾವತ್ತಾದರೂ ಡ್ರಗ್ಸ್ ಬಳಸಿದ್ದಾನಾ?' ಅಂತ. ಒಮ್ಮೆ ಒಂದು ಭಾರತೀಯ ಕುಟುಂಬದ ಮನೆಗೆ ಹೋಗಿದ್ದೆ. ತಾಯಿ ಸ್ಟೀಲ್ ಲೋಟದಲ್ಲಿ ಕಾಫಿ ತಂದಿಟ್ಟರು. ನನ್ನ ಮುಖ ನೋಡಿ, ಊರಿನವಳು ಅಂತ ಖುಷಿಪಟ್ಟರು. ಈ ಪ್ರಶ್ನೆ ಕೇಳಿದಾಗ ಅವರ ಕೈ ಹಾಗೇ ನಿಂತುಬಿಟ್ಟಿತು. 'ಛೆ ಛೆ, ನಮ್ಮನೇಲಿ ಅದೆಲ್ಲ ಇಲ್ಲಮ್ಮ' ಅಂದರು. ಅವರು ಸುಳ್ಳು ಹೇಳಿರಲಿಲ್ಲ. ಮಗ ಎಲ್ಲವನ್ನೂ ಬರೆದುಕೊಟ್ಟಿದ್ದು ನನ್ನ ಚೀಲದಲ್ಲೇ ಇತ್ತು. ನಾನು ಬರೆದುಕೊಂಡು ಎದ್ದೆ. ಬಾಗಿಲ ತನಕ ಬಂದು, ತಗ್ಗಿದ ದನಿಯಲ್ಲಿ 'ಯಾಕೆ ಹಾಗೆ ಕೇಳಿದಿರಿ?' ಅಂದರು. ಎಲ್ಲರಿಗೂ ಕೇಳುತ್ತೇವೆ ಅಂದೆ. ಅದು ನಿಜವೇ. ಆದರೂ ಆ ಮನೆಯಿಂದ ಕಾರಿನ ತನಕ ನಡೆದಿದ್ದು ನನಗೆ ಇವತ್ತಿಗೂ ನೆನಪಿದೆ.

ನಿಮ್ಮ ಅರ್ಜಿ ಪರೀಕ್ಷೆಗೆ ಮುಂಚೆಯೇ ನಿಂತರೆ ಯಾರೂ ನಿಮ್ಮ ಮನೆಗೆ ಬರುವುದಿಲ್ಲ. ಆಗ 'ಇಷ್ಟೆಲ್ಲ ಆಗಿ ಯಾಕೆ ನಿಂತಿತು?' ಅಂತ ಅಪ್ಪ ಕೇಳುತ್ತಾರೆ. ಉತ್ತರ ಕೊಡಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟಿದ್ದು. ಅದಕ್ಕೆ ಯಾವ ಕಾನೂನೂ ಇಲ್ಲ. ಮೊದಲು ನಿಮ್ಮ ಬಾಯಿಂದಲೇ ಕೇಳಿದ ಅಪ್ಪ-ಅಮ್ಮ ಒಂದು ವಾರ ಮುನಿಸಿಕೊಂಡಿದ್ದು, ಆಮೇಲೆ 'ಊಟ ಮಾಡಿದ್ಯಾ' ಅಂತ ಫೋನ್ ಮಾಡಿದ್ದನ್ನು ನಾನು ಹೆಚ್ಚಾಗಿ ನೋಡಿದ್ದೇನೆ. ಮಾವನಿಗೆ ಗೊತ್ತಿರುವುದು ಅಮ್ಮನಿಗೆ ತಲುಪಲು ಎಷ್ಟು ಹೊತ್ತು ಬೇಕು ಅನ್ನುವುದನ್ನೂ ಯೋಚಿಸಿ.

ಈಗ ಮಾಡಬೇಕಾದ ಕೆಲಸ. ಇವತ್ತು ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ. ವರ್ಷವಾರು ಬರೆಯಿರಿ: ಏನು, ಎಲ್ಲಿ, ಸುಮಾರು ಎಷ್ಟು ಸಲ, ಯಾರು ಕೊಟ್ಟರು, ಕೊನೆಯ ಸಲ ಯಾವಾಗ. ನೆನಪಿಲ್ಲದ ಕಡೆ ಒಂದು ಮಿತಿ ಹಾಕಿ, ಕಡಿಮೆ ಮಾಡಬೇಡಿ. ವೈದ್ಯರ ಚೀಟಿ ಇಲ್ಲದೆ ನುಂಗಿದ ಮಾತ್ರೆ ಇದ್ದರೆ ಅದನ್ನೂ ಸೇರಿಸಿ. ಈ ಹಾಳೆಯನ್ನು ಮೊದಲು ನೋಡಬೇಕಾದವರು ವಕೀಲರು. ಈ ವಾರದಲ್ಲೇ ಸಮಯ ತೆಗೆದುಕೊಳ್ಳಿ. ಅವರು ಸರಿ ಅಂದಮೇಲೆ ನಿಮ್ಮ ಅರ್ಜಿ ನೋಡಿಕೊಳ್ಳುವ ಅಧಿಕಾರಿಗೆ ನಾಲ್ಕೈದು ಸಾಲು ಸಾಕು. '23ನೇ ವಿಭಾಗದಲ್ಲಿ ನಾನು ಕೊಟ್ಟ ಉತ್ತರ ಪೂರ್ತಿ ಅಲ್ಲ. ಗಾಂಜಾ ಬಳಕೆಯನ್ನು ಕಡಿಮೆ ಬರೆದಿದ್ದೇನೆ. ಒಂದು ಸಲ ಎಂಡಿಎಂಎ ಬಳಸಿದ್ದನ್ನು ಬಿಟ್ಟಿದ್ದೇನೆ. ಸರಿಯಾದ ವಿವರ ಇಲ್ಲಿದೆ. ಫಾರಂ ತಿದ್ದಲು ಅವಕಾಶ ಕೊಡಿ.' ಹೆದರಿದ್ದೆ, ಗೆಳೆಯರು ಒತ್ತಾಯ ಮಾಡಿದರು ಅಂತ ಕಥೆ ಸೇರಿಸಬೇಡಿ. ಕೇಳಿದರೆ ಆಮೇಲೆ ಹೇಳಿ. ಕಳಿಸಿದ್ದರ ಪ್ರತಿ, ದಿನಾಂಕ ಸಮೇತ, ಇಟ್ಟುಕೊಳ್ಳಿ. ನಾಲ್ಕು ವರ್ಷ ಆದಮೇಲೆ ಮತ್ತೆ ಅರ್ಜಿ ತುಂಬುವಾಗ ಅದನ್ನು ಪಕ್ಕದಲ್ಲಿಟ್ಟುಕೊಂಡೇ ತುಂಬಬೇಕು.